ಹಿಂದಿನ ಸೀಟಿನ ಎತ್ತರ

ಗಾಡಿ ತೆಗೆದುಕೊಳ್ಳುತ್ತೇನೆ ಎಂದು ನಾನು ಬಾಯಿಬಿಟ್ಟ ದಿನದಿಂದ ಎಲ್ಲರೂ ನನ್ನ ಕಾಲು ನೋಡತೊಡಗಿದರು. ಮುಖ ನೋಡಿ ಮಾತು ಶುರು ಮಾಡಿದವರ ಕಣ್ಣು ಮಾತು ಮುಗಿಯುವುದರೊಳಗೆ ನನ್ನ ಪಾದಕ್ಕೆ ಇಳಿದಿರುತ್ತಿತ್ತು. ಕಾಲು ನೆಲಕ್ಕೆ ಮುಟ್ಟುತ್ತವೇನು? ಇದೊಂದೇ ಪ್ರಶ್ನೆ. ಕಿತ್ತೂರಿನ ನನ್ನ ತಮ್ಮ ಕೇಳಿದ, ಬೈಲಹೊಂಗಲದ ಶೋರೂಮಿನವರು ಕೇಳಿದರು, ಜೀವಮಾನದಲ್ಲಿ ಸೈಕಲ್ಲನ್ನೂ ಮುಟ್ಟದ ನಮ್ಮತ್ತೆ ಕೂಡ ಕೇಳಿದರು. ಹೊಸದಾಗಿ ಕಲಿತವರು ಎರಡೂ ಪಾದ ನೆಲದ ಮೇಲೆ ಪೂರ್ತಿ ಊರುವಂಥ ಗಾಡಿ ತೆಗೆದುಕೊಳ್ಳಬೇಕು, ಅದು ಹಗುರ ಇರಬೇಕು, ತಗ್ಗು ಇರಬೇಕು. ಬುದ್ಧಿವಾದ ತಪ್ಪಲ್ಲ. ನಾನು ಗಿಡ್ಡ ಹೆಂಗಸು, ವಯಸ್ಸು ನಲವತ್ತು ದಾಟಿದೆ, ಬಿದ್ದರೆ ಎಲುಬು ಕೂಡುವುದು ತಡ. ಆದರೆ ಹಿಂದೆ ಯಾರು ಕೂಡ್ರುತ್ತಾರೆ ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಹಿಂದೆ ಕೂಡ್ರಬೇಕಾದವರು ನಮ್ಮ ಮನೆಯವರು. ಗಾಡಿ ಯಾವುದು, ಬಣ್ಣ ಯಾವುದು, ಲೀಟರಿಗೆ ಎಷ್ಟು ಓಡುತ್ತದೆ ಎಂಬುದೆಲ್ಲ ನನಗೆ ಆಮೇಲಿನ ಮಾತು. ಅವರು ಮನೆಯಿಂದ ಹೊರಗೆ ಬರಬೇಕಿತ್ತು, ಬಂದು ನನ್ನ ಹಿಂದೆ ಕೂಡ್ರಬೇಕಿತ್ತು. ಅವರು ಕೂಡ್ರದ ಗಾಡಿ ಎಷ್ಟು ಚಂದವಿದ್ದರೂ ತಂದು ಏನು ಮಾಡುವುದು, ಹೂವು ಏರಿಸಿ ಪೂಜೆ ಮಾಡುವುದೇ?

ನಮ್ಮೂರು ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿ ಬಿಟ್ಟು ಒಳಗೆ ಹೋಗಬೇಕಾದ ಊರು. ಬಸ್ಸು ದಿನಾ ಬರುತ್ತದೆ, ಬಂದ ದಿನ. ಮಗಳು ದೂರದ ಹಾಸ್ಟೆಲಿನಲ್ಲಿ ಓದುತ್ತಾಳೆ. ಪಂಚಾಯ್ತಿಯ ಲೈಬ್ರರಿ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಮನೆಯವರದು ಹೊಲ ತಿರುಗುವ ಕೆಲಸ. ರೈತರ ಮಾಲು ಕೊಳ್ಳುವ ಬೈಲಹೊಂಗಲದ ಒಂದು ಅಡತಿ ಅಂಗಡಿಯ ಪರವಾಗಿ ಅವರು ಹಳ್ಳಿ ಹಳ್ಳಿಗೆ ಹೋಗಿ ನಿಂತ ಬೆಳೆ ನೋಡಿ ಬರುತ್ತಿದ್ದರು. ಚಚಡಿ, ಹೂಲಿ, ಉಗರಗೋಳ, ಅತ್ತ ರಾಮದುರ್ಗದವರೆಗೂ ಅವರಿಗೆ ಗೊತ್ತಿಲ್ಲದ ಹೊಲ ಇರಲಿಲ್ಲ. ಹತ್ತಿಯ ಕಾಯಿ ಒಡೆದು, ಎಳೆ ಎಳೆದು ನೋಡಿ, ಇದು ಇಂಥ ಮಾಲು ಎಂದು ಹೇಳಿದರೆ ಅಂಗಡಿಯವರೂ ಒಪ್ಪುತ್ತಿದ್ದರು, ಬೆಳೆದವರೂ ಒಪ್ಪುತ್ತಿದ್ದರು. ಈ ತಿರುಗಾಟವೆಲ್ಲ ಬೈಕಿನ ಮೇಲೆ. ಮನೆಯಲ್ಲಿ ಕುಳಿತರೆ ಅವರಿಗೆ ಊಟ ಸೇರುತ್ತಿರಲಿಲ್ಲ, ಹೊರಗೆ ಹೋಗಿ ಬಂದರೆ ಮೂರು ರೊಟ್ಟಿ ಸಾಲುತ್ತಿರಲಿಲ್ಲ.

ಒಂದು ಸಂಜೆ ಯರಗಟ್ಟಿ ಕಡೆಯಿಂದ ನಾವಿಬ್ಬರೂ ಬರುತ್ತಿದ್ದೆವು. ನಾನು ಎಂದಿನಂತೆ ಸೀರೆ ಸಾವರಿಸಿಕೊಂಡು ಎಡಕ್ಕೆ ಕಾಲು ಇಳಿಬಿಟ್ಟು ಹಿಂದೆ ಕುಳಿತಿದ್ದೆ. ಎಡಗಡೆ ಹೊಲದ ದಾರಿಯಿಂದ ಕಬ್ಬು ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಬರುತ್ತಿರುವುದು ನನಗೆ ದೂರದಿಂದಲೇ ಕಂಡಿತು. ಇವರು ಗಾಡಿ ನಿಧಾನ ಮಾಡಲಿಲ್ಲ. ಇಷ್ಟು ದೊಡ್ಡದು ಕಾಣದೆ ಇರುತ್ತದೆಯೇ ಎಂದು ನಾನೂ ಸುಮ್ಮನಿದ್ದೆ. ಕಡೆಗೆ ನಾನು ಚೀರಿದಾಗ ಅವರು ಹ್ಯಾಂಡಲ್ ಎಳೆದರು, ಇಬ್ಬರೂ ಪಕ್ಕದ ಎರೆಹೊಲದಲ್ಲಿ ಹೋಗಿ ಬಿದ್ದೆವು. ಮಣ್ಣು ಮೆತ್ತಗಿತ್ತು, ಚರ್ಮ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಅವರು ಎದ್ದು ಕುಳಿತು, ಟ್ರ್ಯಾಕ್ಟರ್ ಎಲ್ಲಿಂದ ಬಂತು ಎಂದು ಕೇಳಿದರು. ಹೇಳಿದೆ. ಮತ್ತೆ ಅದನ್ನೇ ಕೇಳಿದರು. ಮರುದಿನವೇ ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಹೇಳಿದ್ದು ಇಷ್ಟು. ಕಣ್ಣಿನ ನರ ಒಣಗಿದೆ. ನೇರ ನೋಡಿದ್ದು ಕಾಣುತ್ತದೆ, ಸುತ್ತಲಿನದು ಹೋಗಿದೆ. ಕೊಳವೆಗೆ ಕಣ್ಣಿಟ್ಟು ನೋಡಿದ ಹಾಗೆ. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯಬೇಕಾದರೆ ದಿನಾ ಕಣ್ಣಿಗೆ ಔಷಧಿ ಬಿಡಬೇಕು. ಇನ್ನು ಗಾಡಿ ಹೊಡೆಯುವಂತಿಲ್ಲ. ಮೊದಲಿನದನ್ನೆಲ್ಲ ನಮ್ಮ ಮನೆಯವರು ಸುಮ್ಮನೆ ಕೇಳಿಸಿಕೊಂಡರು. ಕಡೆಯ ಮಾತಿಗೆ ಡಾಕ್ಟರ ಮುಖವನ್ನು ಬಹಳ ಹೊತ್ತು ನೋಡಿದರು.

ಅದೇ ವಾರ ನಾನು ಲೈಬ್ರರಿಗೆ ಹೋಗಿದ್ದಾಗ ಅವರು ತಮ್ಮ ಬೈಕನ್ನು ರಾಮದುರ್ಗದ ಪರಿಚಯದವರೊಬ್ಬರಿಗೆ ಮಾರಿಬಿಟ್ಟರು. ಸಂಜೆ ಬಂದು ನೋಡಿದರೆ ಅಂಗಳ ಖಾಲಿ. ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ನಾನು ರೇಗಿದೆ. ನಿಂತ ಗಾಡಿ ನೋಡಲು ತನ್ನಿಂದ ಆಗುವುದಿಲ್ಲ ಎಂದರು.

ಅಲ್ಲಿಂದ ಅವರು ಒಳಗಿನ ಕಟ್ಟೆ ಹಿಡಿದರು. ಒಮ್ಮೆ ಬಸ್ಸಿನಲ್ಲಿ ಹೋಗಿ ಬರುತ್ತೇನೆಂದು ಹೊರಟವರು, ಬಸ್ಸಿನ ಮೆಟ್ಟಿಲಲ್ಲೇ ಪಕ್ಕದ ಹೆಣ್ಣುಮಗಳಿಗೆ ಮೊಳಕೈ ತಾಗಿಸಿದರು. ಕಣ್ಣು ಕಾಣುವುದಿಲ್ಲವೇ ಎಂದು ಆಕೆ ಬೈದಳಂತೆ. ಆಕೆಯದೇನು ತಪ್ಪು, ಎಲ್ಲರೂ ಬೈಯುವ ಬೈಗುಳ ಅದು. ಇವರು ಅಲ್ಲೇ ಇಳಿದು ಮನೆಗೆ ಬಂದರು, ಮತ್ತೆ ಬಸ್ಸಿನ ಹೆಸರು ಎತ್ತಲಿಲ್ಲ. ಟಂಟಂ ರಿಕ್ಷಾ ಕೂಡ ಹತ್ತಲಿಲ್ಲ. ಅಡತಿ ಅಂಗಡಿಯವರು ಫೋನು ಮಾಡಿ ಕರೆದರು, ಬೇರೆಯವರ ಗಾಡಿಯ ಹಿಂದೆಯಾದರೂ ಬನ್ನಿ ಎಂದರು. ಇವರು ಹ್ಞೂಂ ಎಂದು ಹೇಳಿ ಹೋಗದೆ ಉಳಿದರು. ಆಮೇಲೆ ಫೋನೂ ಕಡಿಮೆಯಾಯಿತು. ಊಟಕ್ಕೆ ಕುಳಿತಾಗ ಪಕ್ಕದ ನೀರಿನ ತಂಬಿಗೆಗೆ ಕೈ ತಾಗಿ ಉರುಳುತ್ತಿತ್ತು. ಮೊದಮೊದಲು ಸಿಟ್ಟು ಮಾಡುತ್ತಿದ್ದರು, ಇಲ್ಲಿ ಯಾರು ಇಟ್ಟರು ಎಂದು. ಬರುಬರುತ್ತ ಸಿಟ್ಟನ್ನೂ ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗ. ಸಿಟ್ಟು ಮಾಡುವ ಗಂಡಸನ್ನು ಸಂಭಾಳಿಸಬಹುದು. ಉರುಳಿದ ತಂಬಿಗೆಯನ್ನು ನೋಡುತ್ತ ಸುಮ್ಮನೆ ಕೂಡ್ರುವವರನ್ನು ಏನು ಮಾಡುವುದು? ಈ ಮನುಷ್ಯ ಕುಳಿತಲ್ಲೇ ಮುಗಿದುಹೋಗುತ್ತಾರೆ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ.

ಗಾಡಿ ಕಲಿಯಲು ನಾನು ತವರಿಗೆ ಹೋದೆ. ಕಿತ್ತೂರಿನಲ್ಲಿ ನನ್ನ ತಮ್ಮ ತನ್ನ ಹಳೆಯ ಬೈಕನ್ನು ಬಯಲಿಗೆ ತಂದು ನನ್ನನ್ನು ಕೂಡ್ರಿಸಿದ. ಕಿತ್ತೂರಿನ ಹೆಣ್ಣುಮಗಳು ಕುದುರೆ ಹತ್ತಲಿಕ್ಕೆ ಇಷ್ಟು ತಡ ಮಾಡುವುದೇ ಎಂದು ಓಣಿಯವರು ನಕ್ಕರು. ನಗಲಿ. ಕ್ಲಚ್ಚು ಬಿಟ್ಟರೆ ಗಾಡಿ ಜಿಗಿಯುವುದು, ಹಿಡಿದರೆ ಸತ್ತಂತೆ ನಿಲ್ಲುವುದು. ಮೊಣಕಾಲು ಒಡೆದುಕೊಂಡೆ, ತಮ್ಮನನ್ನು ಬೈದೆ, ಗಾಡಿಯನ್ನೂ ಬೈದೆ. ಒಂದು ಮುಂಜಾನೆ ಅದು ನನ್ನ ಮಾತು ಕೇಳಿತು. ಊರ ಹೊರಗಿನ ರಸ್ತೆಯಲ್ಲಿ ಸ್ವಲ್ಪ ದೂರ ಹೋದೆ. ಅಷ್ಟು ವರ್ಷ ಗಾಡಿಯ ಮೇಲೆ ಓಡಾಡಿದ್ದರೂ ರಸ್ತೆ ಎದುರಿಗೆ ಬರುವುದನ್ನು ನಾನು ನೋಡಿರಲೇ ಇಲ್ಲ. ನನಗೆ ಗೊತ್ತಿದ್ದದ್ದು ಬದಿಗಳು ಮಾತ್ರ. ಹೋಗುವಾಗ ಒಂದು ಬದಿ, ಬರುವಾಗ ಇನ್ನೊಂದು. ಆ ದಿನ ಗಾಡಿ ನಿಲ್ಲಿಸಿ ರಸ್ತೆ ಬದಿಯಲ್ಲಿ ಅತ್ತುಬಿಟ್ಟೆ. ಸಂತೋಷಕ್ಕೋ ದುಃಖಕ್ಕೋ ಗೊತ್ತಿಲ್ಲ. ತಮ್ಮ ಹೆದರಿ ಎಲ್ಲಿ ಪೆಟ್ಟಾಯಿತು ಎಂದು ಕೇಳಿದ.

ಲೈಸೆನ್ಸ್ ಸಿಕ್ಕ ಮೇಲೆ ಎಲ್ಲರೂ ಸೇರಿ ನನಗೆ ಸ್ಕೂಟರ್ ಗೊತ್ತುಮಾಡಿದರು. ಗೇರಿಲ್ಲ, ತಗ್ಗು, ಹಗುರ, ಸೀರೆಗೂ ಅಡ್ಡಿಯಿಲ್ಲ, ಹೊಸಬರಿಗೆ ಇದಕ್ಕಿಂತ ಬೇರೆ ಬೇಡ ಎಂದರು. ತಮ್ಮ ತನ್ನ ಗೆಳೆಯನ ಸ್ಕೂಟರನ್ನು ಎರಡು ದಿನಕ್ಕೆಂದು ಕೇಳಿ ನಮ್ಮೂರಿಗೆ ತಂದುಕೊಟ್ಟ. ಓಡಿಸಿ ನೋಡಿದೆ, ಬೆಣ್ಣೆಯಲ್ಲಿ ಕೈ ಆಡಿಸಿದಷ್ಟು ಸುಲಭ. ಪಾದಗಳೆರಡೂ ನೆಲದ ಮೇಲೆ.

ನಮ್ಮ ಮನೆಯವರನ್ನು ಬಹಳ ಹೇಳಿ ಹೊರಗೆ ಕರೆತಂದೆ. ಅವರು ಸೀಟನ್ನು ಕೈಯಿಂದ ಸವರಿ ಹುಡುಕಿ ನನ್ನ ಹಿಂದೆ ಕುಳಿತರು. ಓಣಿಯ ತಿರುವಿನವರೆಗೂ ಹೋಗಿರಲಿಲ್ಲ, ನಿಲ್ಲಿಸು ಎಂದರು. ಇಳಿದು, ಗೋಡೆಗೆ ಕೈ ಹಚ್ಚಿಕೊಂಡು ನಡೆಯುತ್ತ ಒಳಗೆ ಹೋದರು. ಕಟ್ಟೆಗಳ ಮೇಲೆ ಕುಳಿತವರು ನೋಡುತ್ತಿದ್ದರು. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಹೋಗಿ ಬಾಗಿಲು ಹಾಕಿ ಕೇಳಿದೆ.

“ಹೆಂಡ್ತಿ ಹಿಂದ ಕುಂತ್ರ ಮೀಸಿ ಉದರತಾವೇನ್ರಿ?”

ಅವರು ಕಣ್ಣಿಗೆ ಔಷಧಿ ಬಿಡುವ ಹೊತ್ತಾಗಿದೆ ಎಂದರು. ಬಿಟ್ಟೆ. ಅತ್ತೆ ಒಲೆಯ ಮುಂದಿನಿಂದ ಏಳದೆ, ಇವರದು ತಾ ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನೆತನ, ನಿನ್ನ ಮಾವನೂ ಹೀಗೇ ಇದ್ದರು ಎಂದರು. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ. ಮದುವೆಯಲ್ಲಿ ಸೆರಗು ಗಂಟುಹಾಕಿಕೊಂಡು ಗುಡಿಗೆ ಹೋದಾಗಿನಿಂದ ಹಾಗೇ ನಡೆದಿದೆ. ಗಂಡಸಿನ ಅಭಿಮಾನ ಅಡ್ಡ ಬಂತು ಎಂದು ಅತ್ತೆಯೂ ತಿಳಿದರು, ನಾನೂ ತಿಳಿದೆ. ಬೇರೆ ಏನನ್ನಾದರೂ ತಿಳಿಯುವ ಮಾತೇ ಇರಲಿಲ್ಲ, ಇಲ್ಲಿ ಯಾರನ್ನು ಕೇಳಿದರೂ ಅದನ್ನೇ ಹೇಳುತ್ತಿದ್ದರು.

ಆದ್ದರಿಂದ ನನ್ನ ಹುನ್ನಾರವೆಲ್ಲ ಅವರ ಅಭಿಮಾನದ ಸುತ್ತಲೇ ನಡೆಯಿತು. ಹೆಂಗಸರ ಗಾಡಿ ಬೇಡ, ಗಂಡಸರು ಓಡಿಸುವ ಗಾಡಿಯನ್ನೇ ತರುತ್ತೇನೆ, ಕರಿ ಬಣ್ಣದ್ದು ತರುತ್ತೇನೆ, ಜನ ಏಳುವ ಮೊದಲೇ ಊರು ಬಿಡೋಣ, ಸಂಜೆ ಕತ್ತಲಾದ ಮೇಲೆ ಬರೋಣ ಎಂದು ಏನೇನೋ ಹೇಳಿದೆ. ಅವರು ಎಲ್ಲವನ್ನೂ ಕೇಳಿ, ನೋಡೋಣ ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ನೋಡೋಣ ಎಂದರೆ ಇಲ್ಲ ಎಂದು ಅರ್ಥ.

ಕಣ್ಣು ತೋರಿಸಲು ತಿಂಗಳಿಗೊಮ್ಮೆ ಬೈಲಹೊಂಗಲಕ್ಕೆ ಬಾಡಿಗೆ ಕಾರಿನಲ್ಲಿ ಹೋಗುತ್ತಿದ್ದೆವು. ಅದೊಂದಕ್ಕೆ ಮಾತ್ರ ಅವರು ಹೊರಗೆ ಬರುತ್ತಿದ್ದದ್ದು. ಆ ತಿಂಗಳು ತಿರುಗಿ ಬರುವಾಗ ಶೋರೂಮಿನ ಮುಂದೆ ಕಾರು ನಿಲ್ಲಿಸಲು ಹೇಳಿದೆ. ನೀವು ಒಳಗೆ ಬರುವುದು ಬೇಡ, ನಾನು ನೋಡಿ ಬರುತ್ತೇನೆ ಎಂದು ಇಳಿದೆ. ನನಗೂ ಹಟವಿತ್ತು. ಅವರು ಕೂಡ್ರದಿದ್ದರೆ ಗಾಡಿ ಬೇಡವೆಂದು ನಾನು ಹೇಳಿದ್ದು ನಿಜ, ಆದರೆ ಗಾಡಿ ತಂದು ನಿಲ್ಲಿಸದೆ ಅವರು ಕೂಡ್ರುವುದಾದರೂ ಎಲ್ಲಿ?

ಶೋರೂಮಿನವರು ಸಭ್ಯರು, ನನ್ನಷ್ಟೇ ವಯಸ್ಸಾದವರು. ನನ್ನ ಕಾಲು ನೋಡಿದರು. ನೋಡಿ, ತಗ್ಗಾದ ಒಂದು ಬೈಕನ್ನು ಮುಂದಕ್ಕೆ ತಂದು ನಿಲ್ಲಿಸಿದರು. ಹತ್ತಿ ಕುಳಿತೆ. ಹಿಮ್ಮಡಿ ಸಮೇತ ನೆಲ ಸಿಕ್ಕಿತು. ಸೀಟು ಒಂದೇ ಮಟ್ಟದಲ್ಲಿ ಉದ್ದಕ್ಕೆ ಮಲಗಿತ್ತು. ಅಕ್ಕಾರ, ಇದನ್ನು ಬಿಟ್ಟು ಬೇರೆ ನೋಡಬೇಡಿ ಎಂದರು. ಸರಿ ಎನ್ನುವುದರಲ್ಲಿದ್ದೆ, ಬಾಗಿಲಲ್ಲಿ ನಮ್ಮ ಮನೆಯವರು ನಿಂತಿದ್ದರು. ಗಾಡಿಗಳ ನಡುವೆ ಬೆಳೆದ ಮನುಷ್ಯ, ಕಾರಿನಲ್ಲಿ ಕುಳಿತಿರಲು ಆಗಿರಲಿಲ್ಲ. ಒಂದೊಂದೇ ಗಾಡಿಯ ಟ್ಯಾಂಕಿನ ಮೇಲೆ ಕೈ ಇಡುತ್ತ ಒಳಗೆ ಬಂದರು, ದನದ ಬೆನ್ನು ಸವರಿದ ಹಾಗೆ. ಎಷ್ಟೋ ದಿನದ ಮೇಲೆ ಅವರ ಮುಖದಲ್ಲಿ ಕಳೆ ಕಂಡಿತು.

ಹಿಂದೆ ಕುಳಿತು ನೋಡಿ ಎಂದೆ. ಕುಳಿತರು. ನಾವಿಬ್ಬರೂ ಸಮ ಎತ್ತರ, ಅಂದರೆ ಇಬ್ಬರೂ ಗಿಡ್ಡ. ಸ್ವಲ್ಪ ಹೊತ್ತು ಕುಳಿತು ಇಳಿದರು. ಮುಖ ಮತ್ತೆ ಮೊದಲಿನಂತೆ ಆಯಿತು. ಸ್ಕೂಟರಿನ ದಿನ ಆದದ್ದೇ ಆಯಿತು ಎಂದುಕೊಂಡೆ. ಶೋರೂಮಿನಲ್ಲಿ ನೋಡುವವರೂ ಯಾರೂ ಇರಲಿಲ್ಲ, ಇನ್ನು ಯಾವ ಅಭಿಮಾನ ಇವರಿಗೆ ಎಂದು ಹಲ್ಲು ಕಚ್ಚಿದೆ.

ಪಕ್ಕದಲ್ಲಿ ಎತ್ತರದ ಬೈಕೊಂದು ನಿಂತಿತ್ತು. ಮುಂದಿನ ಸೀಟು ಒಂದು ಮಟ್ಟ, ಹಿಂದಿನದು ಅದಕ್ಕಿಂತ ಗೇಣು ಮೇಲೆ, ಮೆಟ್ಟಿಲಿನ ಹಾಗೆ. ಕಾಲೇಜು ಹುಡುಗರು ಓಡಿಸುವಂಥದ್ದು. ನನಗಲ್ಲದ ಗಾಡಿ ಎಂದು ನಾನು ಅದರತ್ತ ನೋಡಿಯೂ ಇರಲಿಲ್ಲ. ನಮ್ಮ ಮನೆಯವರು ಅದರ ಮೇಲೆ ಕೈ ಆಡಿಸುತ್ತ ಆ ಮೆಟ್ಟಿಲನ್ನು ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ನನ್ನತ್ತ ತಿರುಗಿ, ಮುಂದೆ ಕೂಡ್ರು ಎಂದರು. ಕುಳಿತೆ. ಬೆರಳ ತುದಿ ಮಾತ್ರ ನೆಲಕ್ಕೆ ತಾಗಿತು, ಶೋರೂಮಿನವರು ಓಡಿ ಬಂದು ಹ್ಯಾಂಡಲ್ ಹಿಡಿದುಕೊಂಡರು. ಇವರು ನನ್ನ ಭುಜ ಹಿಡಿದು ಹಿಂದೆ ಹತ್ತಿದರು. ಈಗ ಇಳಿಯುತ್ತಾರೆ, ಈಗ ಇಳಿಯುತ್ತಾರೆ ಎಂದು ಕಾದೆ. ಇಳಿಯಲಿಲ್ಲ. ಕನ್ನಡಿಯಲ್ಲಿ ನೋಡಿದರೆ ಅವರ ಕುತ್ತಿಗೆ ನೆಟ್ಟಗಾಗಿತ್ತು.

“ಇಲ್ಲಿಂದ ಕಾಣತೈತಿ,” ಎಂದರು.

ಏನು ಎಂದು ಕೇಳಿದೆ.

“ಬಾಗಲಾ ಕಾಣತೈತಿ. ರಸ್ತಾ ಕಾಣತೈತಿ. ಆ ಸ್ಕೂಟರ್ ಮ್ಯಾಲ ನಿನ್ನ ಬೆನ್ನ ಬಿಟ್ರ ನನಗೇನೂ ಕಾಣಸಲಿಲ್ಲ. ಚೀಲದಾಗ ಹಾಕಿ ಬಾಯಿ ಕಟ್ಟಿ ಒಯ್ದಂಗಾತು.”

ಮೊದಲೇ ಅವರಿಗೆ ಉಳಿದದ್ದು ಎದುರಿನ ಒಂದು ಕಿಂಡಿ. ಆ ಕಿಂಡಿಗೆ ಅಡ್ಡಲಾಗಿ ನಾನು ಕುಳಿತಿದ್ದೆ. ಮೀಸೆಯ ಮಾತು ಎಲ್ಲಿಯದು, ಅಭಿಮಾನ ಎಲ್ಲಿಯದು. ಯಾಕೆ ಹೇಳಲಿಲ್ಲ ಎಂದು ಕೇಳಬೇಕೆಂದಿದ್ದೆ, ಅದನ್ನು ಬಿಟ್ಟು ಮುಂದಕ್ಕೆ ತಿರುಗಿದೆ. ಶೋರೂಮಿನವರು ಇನ್ನೂ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದರು. ಇದೇ ಗಾಡಿ ಬೇಕು ಎಂದೆ.

ಶೋರೂಮಿನವರು ಗಾಬರಿಯಾದರು. ಮಾರುವವರೇ ಮಾರುವುದಿಲ್ಲ ಎನ್ನುವುದನ್ನು ನಾನು ಅಲ್ಲಿಯೇ ಕಂಡದ್ದು. ತಮ್ಮನಿಗೆ ಫೋನು ಮಾಡಿದರೆ ಅವನು ಬೈದ. ಕಾಲು ಎಟುಕದ ಗಾಡಿಯ ಮೇಲೆ, ಕಣ್ಣು ಕಾಣದ ಭಾವನನ್ನು ಕೂಡ್ರಿಸಿಕೊಂಡು, ಮೊನ್ನೆ ಲೈಸೆನ್ಸ್ ತೆಗೆದುಕೊಂಡವಳು ನೀನು, ಇಬ್ಬರೂ ಕೂಡಿ ಬೀಳುತ್ತೀರಿ ಎಂದ. ಅವನದು ಸುಳ್ಳಲ್ಲ. ಸಿಗ್ನಲ್ಲಿನಲ್ಲೋ ರಸ್ತೆಯ ಹಂಪಿನಲ್ಲೋ ಗಾಡಿ ನಿಲ್ಲಿಸಬೇಕಾಗಿ ಬಂದರೆ ಎರಡು ಜೀವದ ಭಾರ ನನ್ನ ಬೆರಳ ತುದಿಯ ಮೇಲೆ. ತಗ್ಗಿನ ಗಾಡಿ ತಂದರೆ ನಾನು ಸುರಕ್ಷಿತ, ಅವರು ಮನೆಯಲ್ಲಿ. ಎತ್ತರದ್ದು ತಂದರೆ ಅವರು ಹೊರಗೆ, ಇಬ್ಬರೂ ಅಪಾಯದಲ್ಲಿ. ಆ ದಿನ ಏನೂ ತೀರ್ಮಾನವಾಗದೆ ಮನೆಗೆ ಬಂದೆವು. ಮನೆಯಲ್ಲಿ ಅವರು ಮಾತ್ರ ಅತ್ತೆಯನ್ನು ಕರೆದು, ಆ ಗಾಡಿಯ ಬಣ್ಣ ಎಂಥದ್ದು, ಹೆಡ್‌ಲೈಟು ಎಂಥದ್ದು ಎಂದು ವಿವರಿಸುತ್ತಿರುವುದು ಅಡುಗೆಮನೆಗೆ ಕೇಳಿಸುತ್ತಿತ್ತು.

ದಾರಿ ತೋರಿಸಿದ್ದು ಮತ್ತೆ ಆ ಶೋರೂಮಿನವರೇ. ಎರಡು ದಿನ ಬಿಟ್ಟು ಫೋನು ಮಾಡಿದರು. ಗಾಡಿಯನ್ನು ತಗ್ಗಿಸಲು ಬರುವುದಿಲ್ಲ, ತಗ್ಗಿಸಿದರೆ ಹಿಂದಿನದೂ ಇಳಿಯುತ್ತದೆ. ಆದರೆ ಸೀಟಿನ ಒಳಗಿನ ಸ್ಪಂಜನ್ನು ಮುಂದಿನ ಭಾಗದಲ್ಲಷ್ಟೇ ಕೊರೆದು, ಬದಿಗಳನ್ನು ಸಣ್ಣ ಮಾಡಿ ಮತ್ತೆ ಹೊಲಿಯಬಹುದು, ರಾಮದುರ್ಗದಲ್ಲಿ ಒಬ್ಬರು ಕುಶನ್ ಕೆಲಸದವರು ಇದ್ದಾರೆ, ಗಿಡ್ಡ ಇದ್ದವರೆಲ್ಲ ಅವರ ಹತ್ತಿರವೇ ಹೋಗುತ್ತಾರೆ ಎಂದರು. ನಾನು ತಮ್ಮನನ್ನು ಕಿತ್ತೂರಿನಿಂದ ಕರೆಸಿದೆ. ಗಾಡಿ ತೆಗೆದುಕೊಂಡೆವು. ಡೈರಿಗೆ ಹಾಕಿದ ಹಾಲಿನ ದುಡ್ಡೂ ನನ್ನ ಸಂಬಳದ ಉಳಿತಾಯವೂ ಸೇರಿ ಅದಕ್ಕೆ ಸಾಕಾಯಿತು. ತಮ್ಮ ಗೊಣಗುತ್ತಲೇ ಅದನ್ನು ರಾಮದುರ್ಗಕ್ಕೆ ಹೊಡೆದ. ಹಿಂದಿನ ಎತ್ತರದ ಸೀಟಿನ ಮೇಲೆ ನಾನೇ ಕುಳಿತೆ, ಅವರು ಕೂಡ್ರುವ ಜಾಗ ಎಂಥದ್ದೆಂದು ತಿಳಿಯಬೇಕಿತ್ತು. ಬೆರಳುಗಳನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದು ನೋಡಿದೆ. ತಮ್ಮನ ತಲೆಯ ಮೇಲಿನಿಂದ ರಸ್ತೆಯ ಒಂದು ತುಂಡು ಕಾಣುತ್ತಿತ್ತು, ಅಷ್ಟೇ. ಗಾಡಿ ಕುಲುಕಿದಾಗ ಅದೂ ತಪ್ಪಿಹೋಗುತ್ತಿತ್ತು.

ಕುಶನ್ ಅಂಗಡಿಯವರು ಸೀಟು ಬಿಚ್ಚಿದರು. ನನ್ನನ್ನು ಕೂಡ್ರಿಸಿ, ಇಳಿಸಿ, ಸುಣ್ಣದ ಕಡ್ಡಿಯಿಂದ ಗುರುತು ಮಾಡಿ, ಉದ್ದನೆಯ ಚೂರಿಯಿಂದ ಸ್ಪಂಜನ್ನು ಹೋಳು ಹೋಳಾಗಿ ತೆಗೆದರು. ಹಿಂದಿನದನ್ನೂ ಸ್ವಲ್ಪ ಇಳಿಸಲೇ, ಸಮನಾಗಿ ಚಂದ ಕಾಣುತ್ತದೆ ಎಂದರು. ಅದನ್ನು ಮುಟ್ಟಬೇಡಿ ಎಂದು ನಾನು ಕೂಗಿಕೊಂಡೆ. ಅವರು ಚೂರಿ ಹಿಡಿದಲ್ಲೇ ನಿಂತರು. ಹೊಲಿದು ಮುಗಿಸಿದಾಗ ಗಾಡಿಯ ನಡು ಬಾಗಿದಂತಾಗಿತ್ತು. ಹತ್ತಿದೆ. ಹಿಮ್ಮಡಿ ತಾಗಲಿಲ್ಲ, ಆದರೆ ಪಾದದ ಮುಂಭಾಗ ಪೂರ್ತಿ ಸಿಕ್ಕಿತು. ತಮ್ಮ ಪಕ್ಕದಲ್ಲಿ ನಿಂತು ಗಾಡಿಯನ್ನು ಅತ್ತ ಇತ್ತ ತಳ್ಳಿ ನೋಡಿದ, ನಾನು ಬೀಳಲಿಲ್ಲ. ಇನ್ನು ನಿನ್ನ ಹಣೆಬರಹ ಎಂದ. ತಿರುಗಿ ಬರುವಾಗ 'ಹೊಡಿ' ಎಂದು ಕೀಲಿ ನನ್ನ ಕೈಗೆ ಕೊಟ್ಟು, ಅವನು ಹಿಂದೆ ಕುಳಿತ.

ಗಾಡಿ ಮನೆಗೆ ಬಂದಾಗ ಅತ್ತೆ ಅದರ ಸೀಟನ್ನು ನೋಡಿ ಬಹಳ ಸಂತೋಷಪಟ್ಟರು. ಹೆಂಡತಿ ಮುಂದೆ ಕುಳಿತರೂ ಗಂಡ ಅವಳಿಗಿಂತ ಮೇಲೆ ಕೂಡ್ರುವ ಹಾಗೆ ಮಾಡಿಸಿಕೊಂಡು ಬಂದಿದ್ದಾಳೆ, ನನ್ನ ಸೊಸೆ ಮಾನ ಮರ್ಯಾದೆ ಬಲ್ಲವಳು ಎಂದು ಓಣಿಯಲ್ಲೆಲ್ಲ ಹೇಳಿದರು. ಓಣಿ ನಂಬಿತು. ಊರಿಗೆ ಗಂಡನ ಎತ್ತರದ ಸಮಾಧಾನ. ನಾನು ತಿದ್ದಲು ಹೋಗಲಿಲ್ಲ, ನಮ್ಮ ಮನೆಯವರೂ ಹೋಗಲಿಲ್ಲ. ಒಳ್ಳೆಯದಾಯಿತಲ್ಲ, ಇರಲಿ.

ತಿಂಗಳೊಪ್ಪತ್ತು ನಾನು ಒಬ್ಬಳೇ ಓಡಿಸಿದೆ. ಊರಿನಿಂದ ಬೈಲಹೊಂಗಲಕ್ಕೆ, ಸವದತ್ತಿಗೆ, ಹಿಂದಿನ ಸೀಟಿಗೆ ಜೋಳದ ಚೀಲ ಬಿಗಿದುಕೊಂಡು. ಎಲ್ಲೆಂದರಲ್ಲಿ ನಿಲ್ಲಿಸಿ ಮತ್ತೆ ಎತ್ತುವುದನ್ನು ಕಲಿತೆ. ಚೀಲ ಏನೂ ಮಾತಾಡುತ್ತಿರಲಿಲ್ಲ, ಅಲುಗಾಡುತ್ತಿರಲಿಲ್ಲ. ಮನುಷ್ಯರು ಹಾಗಲ್ಲ ಎಂದು ಗೊತ್ತಿತ್ತು. ನಮ್ಮ ಮನೆಯವರು ಒಂದು ದಿನವೂ ತಮ್ಮನ್ನು ಯಾವಾಗ ಕರೆದೊಯ್ಯುತ್ತಿ ಎಂದು ಕೇಳಲಿಲ್ಲ. ನಾನು ಒಳಗೆ ಬಂದಾಗ ಎಂಜಿನ್ನಿನ ಸದ್ದು ಹೀಗಿತ್ತು, ಗೇರು ತಡವಾಗಿ ಬದಲಿಸಿದೆ ಎಂದು ಕಟ್ಟೆಯ ಮೇಲಿನಿಂದ ಹೇಳುತ್ತಿದ್ದರು. ಅಷ್ಟು ಹೇಳುತ್ತಾರಲ್ಲ ಎಂದೇ ನನಗೆ ಜೀವ ಬರುತ್ತಿತ್ತು.

ಹತ್ತಿ ಒಡೆಯುವ ಹೊತ್ತಿಗೆ ಉಗರಗೋಳದ ರೈತರೊಬ್ಬರು ಫೋನು ಮಾಡಿದರು. ಬೇರೆ ಯಾರೋ ಬಂದು ನೋಡಿ ಹೋಗಿದ್ದಾರೆ, ನನಗೆ ಸಮಾಧಾನವಿಲ್ಲ, ನೀವೇ ಬಂದು ಕೈಯಲ್ಲಿ ಹಿಡಿದು ನೋಡಬೇಕು ಎಂದರು. ಫೋನು ಕೆಳಗಿಟ್ಟು ನಮ್ಮ ಮನೆಯವರು ನನ್ನನ್ನು ಕರೆದು ನಾಳೆ ಲೈಬ್ರರಿಗೆ ರಜೆಯೇ ಎಂದು ಕೇಳಿದರು. ರಜೆ ಇರಲಿಲ್ಲ. ಇದೆ ಎಂದು ಹೇಳಿ, ಆಮೇಲೆ ರಜೆ ಹಾಕಿದೆ.

ಮುಂಜಾನೆ ಅತ್ತೆ ಟ್ಯಾಂಕಿಗೆ ಎಲ್ಲಮ್ಮನ ಭಂಡಾರದ ಅರಿಶಿನ ಹಚ್ಚಿದರು, ಗಾಲಿಗೆ ನಿಂಬೆಹಣ್ಣು ಇಟ್ಟರು. ನಾನು ಚೂಡಿದಾರ ಹಾಕಿಕೊಂಡಿದ್ದೆ. ಅವರು ಎಷ್ಟೋ ತಿಂಗಳ ಮೇಲೆ ಇಸ್ತ್ರಿಯ ಅಂಗಿ ತೊಟ್ಟಿದ್ದರು. ನನ್ನ ಭುಜ ಹಿಡಿದು ಹತ್ತಿದಾಗ ಗಾಡಿ ಒಂದು ಬದಿಗೆ ವಾಲಿತು, ಕಾಲೂರಿ ತಡೆದೆ. ಊರ ಜನ ಎದ್ದಿದ್ದರು, ಕಟ್ಟೆಗಳು ತುಂಬಿದ್ದವು, ಯಾರಿಂದಲೂ ತಪ್ಪಿಸಿಕೊಳ್ಳದೆ ನಡು ಓಣಿಯಲ್ಲೇ ಹೋದೆವು. ತಿರುವು ದಾಟಿತು. ಅವರು ನಿಲ್ಲಿಸು ಎನ್ನಲಿಲ್ಲ. ಊರು ದಾಟಿತು. ಎಲ್ಲಮ್ಮಾ, ಕಾಪಾಡು ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಸವದತ್ತಿ ದಾಟಿ ಉಗರಗೋಳದ ರಸ್ತೆ ಹಿಡಿದಾಗ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರ ವಾಹನಗಳು ಹೆಚ್ಚಾದವು. ಅವರಿಗೆ ಎದುರಿನ ರಸ್ತೆ ಕಾಣುತ್ತಿತ್ತು. ಮುಂದೆ ಹಂಪು ಇದೆ, ಎದುರಿಗೆ ಲಾರಿ ಬರುತ್ತಿದೆ ಎಂದು ಹೇಳುತ್ತಲೂ ಇದ್ದರು. ನಾನು ಹ್ಞೂಂ ಎನ್ನುತ್ತಿದ್ದೆ. ಆದರೆ ಹಿಂದಿನಿಂದ ಒಂದು ಬಸ್ಸು ಹಾರ್ನ್ ಹಾಕುತ್ತ ಬಂದು, ಬಲಗಡೆಯಿಂದ ಗಾಳಿ ಬೀಸಿಕೊಂಡು ನಮ್ಮನ್ನು ಸವರಿದಂತೆ ದಾಟಿಹೋಯಿತು. ಅದು ಕಣ್ಣಿಗೆ ಬೀಳುವವರೆಗೆ ಅವರಿಗೆ ಬರೀ ಸದ್ದು. ಅವರ ಬೆರಳುಗಳು ನನ್ನ ಭುಜಕ್ಕೆ ನೆಟ್ಟವು. ಬಸ್ಸು ದೂರ ಹೋದ ಮೇಲೂ ಬೆರಳು ಸಡಿಲವಾಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು.

“ಇಷ್ಟ ವರ್ಷ ಇಲ್ಲೆ ಹೆಂಗ ಕುಂತಿದ್ದಿ ನೀ?”

ಅವರು ಏನು ಕೇಳುತ್ತಿದ್ದಾರೆಂದು ನನಗೆ ತಕ್ಷಣ ತಿಳಿಯಿತು. ಮದುವೆಯಾದ ಹೊಸದರಲ್ಲಿ, ಬಸುರಿಯಾಗಿದ್ದಾಗ, ಮಗಳನ್ನು ತೊಡೆಯ ಮೇಲೆ ಹಿಡಿದುಕೊಂಡು, ಮಳೆಯಲ್ಲಿ, ಗುಂಡಿ ಬಿದ್ದ ರಸ್ತೆಯಲ್ಲಿ, ಒಂದು ಕೈಯಿಂದ ಕೂಸನ್ನೂ ಇನ್ನೊಂದರಿಂದ ಸೀಟಿನ ಕಬ್ಬಿಣವನ್ನೂ ಹಿಡಿದು ಕುಳಿತಿದ್ದೆ. ಮುಂದೆ ಏನು ಬರುತ್ತದೆಂದು ಒಂದು ದಿನವೂ ಕಂಡಿರಲಿಲ್ಲ. ಅದನ್ನು ಯಾರ ಮುಂದೆಯೂ ಹೇಳಿರಲಿಲ್ಲ. ಎಲ್ಲ ಹೆಂಗಸರೂ ಹಾಗೇ ಕೂಡ್ರುತ್ತಾರೆ, ಅದರಲ್ಲಿ ಹೇಳುವುದೇನಿದೆ?

“ಅಂಜಿಕೊಂಡ ಕುಂತಿದ್ನಿರಿ,” ಎಂದೆ.

“ಹೇಳಬೇಕಿತ್ತಲ?”

“ಹೇಳಿದ್ರ ಕೇಳತಿದ್ರೇನ್ರಿ?”

ಕೇಳುತ್ತಿದ್ದೆ ಎಂದು ಅವರು ಒಂದು ಸುಳ್ಳು ಹೇಳಿದ್ದರೆ ನಾನು ನಂಬದಿದ್ದರೂ ಸುಮ್ಮನಾಗುತ್ತಿದ್ದೆ. ಉಗರಗೋಳದ ಮೊದಲ ಮನೆಗಳು ಕಾಣತೊಡಗಿದವು.

“ಇಲ್ಲ,” ಎಂದರು. ಆಮೇಲೆ, “ನನಗ ಅಂಜಿಕಿ ಬರಾಕ ಹತ್ತೇತಿ. ಒಂದೀಟ ಸಾವಕಾಶ ಹೊಡಿ.”

ಅಂಜಿಕೆ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ಬಂದವು, ಎರಡೂ ಕೈ ಹ್ಯಾಂಡಲಿನ ಮೇಲಿದ್ದವು, ಒರೆಸಿಕೊಳ್ಳಲು ಆಗಲಿಲ್ಲ. ಗೇರು ಇಳಿಸಿ ರಸ್ತೆಯ ಅಂಚಿಗೆ ತಂದು ಸಾವಕಾಶ ಹೊಡೆದೆ. ಹಿಂದಿನವರು ಹಾರ್ನ್ ಹಾಕುತ್ತ, ನಮ್ಮತ್ತ ತಿರುಗಿ ನೋಡುತ್ತ ಒಬ್ಬೊಬ್ಬರಾಗಿ ಮುಂದೆ ಹೋದರು. ಹೋಗಲಿ ಎಂದು ಬಿಟ್ಟೆ.